ಹಳೆ ಯೆಜ್ಡಿಯೋ, ಹೊಸ ಜಾವಾನೋ: ಮೈಸೂರು–ಮಂಡ್ಯ ಕಡೆಯವರಿಗೊಂದು ಹೋಲಿಕೆ

ಹಳೆ ಜಾಗ್ವಾರ್ ಇ-ಟೈಪ್ ತಗೊಳ್ಳಲೋ ಹೊಸ ಫೆರಾರಿ ತಗೊಳ್ಳಲೋ ಎಂದು ತಲೆ ಕೆಡಿಸಿಕೊಳ್ಳುವವರು ಲೋಕದಲ್ಲಿದ್ದಾರೆ. ನಮ್ಮ ಕಡೆ ಅದೇ ಪ್ರಶ್ನೆ ಎರಡು ಚಕ್ರಕ್ಕೆ ಇಳಿದು ಬರುತ್ತದೆ. ಯಾರದೋ ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿ ರೋಡ್‌ಕಿಂಗ್ ತಂದು ಸರಿ ಮಾಡಿಸಿಕೊಳ್ಳೋಣವೋ, ಶೋರೂಂಗೆ ಹೋಗಿ ಹೊಸ ಜಾವಾ 350 ಬುಕ್ ಮಾಡೋಣವೋ? ರಿಪೇರಿ ಖರ್ಚನ್ನೂ ಸೇರಿಸಿಕೊಂಡರೆ ಎರಡರ ನಡುವಿನ ಬೆಲೆಯ ಅಂತರ ಅಂದುಕೊಂಡದ್ದಕ್ಕಿಂತ ಕಡಿಮೆಯಾಗುತ್ತದೆ. ಹಾಗಾಗಿ ಬರೀ ಬೆಲೆ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ದಿನದ ಓಡಾಟಕ್ಕೆ ನಿಮ್ಮ ಮನೆಯಲ್ಲಿ ಒಂದು ಸ್ಕೂಟರೋ ಸ್ಪ್ಲೆಂಡರೋ ಆಗಲೇ ಇದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಇರುವುದೇ ಒಂದು ಗಾಡಿ, ಅದರಲ್ಲೇ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಹತ್ತು ಗಂಟೆಗೆ ಆಫೀಸು ಸೇರಬೇಕು ಅನ್ನುವವರು ಹಳೆಯದರ ಆಸೆ ಬಿಟ್ಟುಬಿಡಿ. ಉಳಿದವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಳೆ ಗಾಡಿ ಬೇಕೆಂದರೆ ಮೊದಲು ಮೆಕ್ಯಾನಿಕ್ಕನ್ನು ಹುಡುಕಿ, ಗಾಡಿ ಆಮೇಲೆ. ಈ ಗಾಡಿ ಬಲ್ಲ ಹಳೆ ಕೈಗಳು ಮೈಸೂರಿನಲ್ಲಿ ಇನ್ನೂ ಇವೆ; ಬೇರೆ ಊರಿನವರಿಗೆ ಹೇಳುವ ಸಲಹೆ ಮೈಸೂರಿನವರಿಗೆ ಪೂರ್ತಿ ಹೊಂದದಿರುವುದಕ್ಕೂ ಇದೇ ಕಾರಣ. ಅದನ್ನು ಮುಂದೆ ವಿವರವಾಗಿ ನೋಡೋಣ.

ಹೆಸರು ಒಂದೇ, ಹುಟ್ಟೂರು ಬೇರೆ

ಜಾವಾ ಮೂಲತಃ ಪ್ರಾಗ್ ನಗರದ ಕಂಪನಿ, ಶುರುವಾದದ್ದು 1929ರಲ್ಲಿ. ಅದರ ಲೈಸೆನ್ಸ್ ತಂದು 1960ರಲ್ಲಿ ರುಸ್ತುಂ ಮತ್ತು ಫರೂಕ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಉತ್ಪಾದನೆ ನಿಂತಿತು.

ಈಗಿನ ಜಾವಾ ಬಂದದ್ದು 2018ರ ನವೆಂಬರಿನಲ್ಲಿ. ಮಹೀಂದ್ರದ ಬಂಡವಾಳ ಇರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಅದನ್ನು ತಂದಿತು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಕೂಡ ಅದರಲ್ಲಿ ಪಾಲುದಾರರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ವಾಪಸ್ ತಂದರು. ಆದರೆ ಈ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ‘ನಮ್ಮ ಮೈಸೂರಿನ ಗಾಡಿ’ ಎಂಬ ಅಭಿಮಾನಕ್ಕೆ ಹೊಸದನ್ನು ಕೊಳ್ಳಲು ಹೊರಟಿದ್ದರೆ ಆ ಕಾರಣವನ್ನು ಇಲ್ಲೇ ಕೈಬಿಡಿ. ಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ.

ಎಂಜಿನ್ನಿನಲ್ಲೂ ನಂಟಿಲ್ಲ. ಹಳೆಯದು ಸುಮಾರು 250 ಸಿಸಿಯ ಟೂ-ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ನಾಲ್ಕು ಗೇರು, ಗಾಳಿಯಿಂದಲೇ ತಣಿಯುವಂಥದ್ದು. ರೋಡ್‌ಕಿಂಗ್‌ನ ಶಕ್ತಿ 16 ಅಶ್ವಶಕ್ತಿ. ಹೊಸ ಜಾವಾ 350ರದು 334 ಸಿಸಿಯ ಫೋರ್-ಸ್ಟ್ರೋಕ್, ರೇಡಿಯೇಟರ್ ಇದೆ, ಫ್ಯುಯೆಲ್ ಇಂಜೆಕ್ಷನ್ ಇದೆ, ಆರು ಗೇರು, ಸುಮಾರು 22 ಅಶ್ವಶಕ್ತಿ. ಅದೇ 334 ಸಿಸಿ ಎಂಜಿನ್ನು ಯೆಜ್ಡಿ ರೋಡ್‌ಸ್ಟರ್‌ನಲ್ಲಿ 29ರ ಆಸುಪಾಸು ಕೊಡುತ್ತದೆ. ಟ್ಯಾಂಕಿನ ಆಕಾರ, ಕ್ರೋಮು, ಜೋಡಿ ಸೈಲೆನ್ಸರ್ ನೋಡಿ ‘ಅದೇ ಗಾಡಿ, ಹೊಸ ಪೇಂಟು’ ಅಂದುಕೊಂಡವರಿಗೆ ಒಂದು ಸುತ್ತು ಹೋಗಿ ಬಂದರೆ ಭ್ರಮೆ ಹರಿಯುತ್ತದೆ.

ರಸ್ತೆ ಮೇಲೆ ಹತ್ತಿದಾಗ

ಕಾಗದದ ಮೇಲೆ ಹೊಸದೇ ಗೆಲ್ಲುತ್ತದೆ. ಆದರೆ ನಮ್ಮ ಕಡೆಯ ರಸ್ತೆಗಳು ಆ ಗೆಲುವನ್ನು ಅರ್ಧ ನುಂಗಿಬಿಡುತ್ತವೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯನ್ನು 2023ರ ಮಾರ್ಚಿನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟಿಸಿದರು. ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಎರಡು ಲಕ್ಷ ಕೊಟ್ಟು ತಂದ ಆರು ಗೇರಿನ ಬೈಕು ಸರ್ವಿಸ್ ರಸ್ತೆಯಲ್ಲಿ ಹಂಪು ಹಾರಿಕೊಂಡು, ಎದುರಿಗೆ ನುಗ್ಗುವ ಆಟೋ ತಪ್ಪಿಸಿಕೊಂಡು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ದಾಟಬೇಕು. ಅಲ್ಲಿ ಐದು-ಆರನೇ ಗೇರಿಗೆ ಕೆಲಸ ಬೀಳುವುದು ಅಪರೂಪ. ಬೆಂಗಳೂರಿಗೆ ಬೇಗ ತಲುಪುವುದೇ ನಿಮ್ಮ ಗುರಿಯಾದರೆ ಬೈಕನ್ನೇ ಮರೆತು ರೈಲು ಹತ್ತಿ.

ಖುಷಿಯ ಸವಾರಿ ಇರುವುದು ಬೇರೆ ಕಡೆ. ಕೆಆರ್‌ಎಸ್ ಸುತ್ತಿ ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗುವ ದಾರಿ, ನಾಗಮಂಗಲದ ಕಡೆಯ ಹಳ್ಳಿ ರಸ್ತೆಗಳು, ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆಗೆ. ಇಲ್ಲೆಲ್ಲ ಗಂಟೆಗೆ 50-60 ಕಿಲೋಮೀಟರಿನ ವೇಗವೇ ಹಿತ. ಆ ವೇಗದಲ್ಲಿ ಚೆನ್ನಾಗಿ ಟ್ಯೂನ್ ಆದ ರೋಡ್‌ಕಿಂಗ್ ಎಲ್ಲೂ ಹಿಂದೆ ಬೀಳುವುದಿಲ್ಲ. ತೂಕ ಸುಮಾರು 140 ಕೆಜಿ. ಹೊಸ ಜಾವಾ 350 ಅದಕ್ಕಿಂತ ಹತ್ತಿರಹತ್ತಿರ 50 ಕೆಜಿ ಹೆಚ್ಚು. ಸಂದಿಯಲ್ಲಿ ಗಾಡಿ ತಿರುಗಿಸುವಾಗ, ಮನೆ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುವಾಗ ಈ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ. ಶೋರೂಮಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

ಹಳೆಯದನ್ನು ಓಡಿಸಲು ಮಾತ್ರ ಹೊಸದಾಗಿ ಕಲಿಯಬೇಕು. ಕಿಕ್ಕರು ಬೇರೆ ಇಲ್ಲ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರು. ಕ್ಲಚ್ಚು ಸೆಮಿ-ಆಟೋಮ್ಯಾಟಿಕ್, ಅಂದರೆ ಗೇರ್ ಲಿವರ್ ಒತ್ತಿದಾಗ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಸರಿಯಾಗಿ ಅಡ್ಜಸ್ಟ್ ಆದ ಗಾಡಿಯಲ್ಲಿ ಓಡುತ್ತಿರುವಾಗ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. 1960ರ ದಶಕದ ಗಾಡಿಯಲ್ಲಿ ಇಂಥ ಜಾಣತನ ಇತ್ತು. ಈಗಿನ ಜಾವಾ 350ರಲ್ಲಿ ಇರುವುದು ಸ್ಲಿಪ್ ಅಂಡ್ ಅಸಿಸ್ಟ್ ಕ್ಲಚ್, ಹಿಡಿ ಹಗುರ, ಆದರೆ ಹಿಡಿಯಲೇಬೇಕು.

ರಾತ್ರಿ ಸವಾರಿಯ ವಿಷಯದಲ್ಲಿ ಚರ್ಚೆಯೇ ಬೇಡ. ಹಳೆ ಮಾದರಿಗಳ 6 ವೋಲ್ಟ್ ಹೆಡ್‌ಲೈಟು ದೀಪಾವಳಿಯ ಹಣತೆ ಇದ್ದ ಹಾಗೆ, ಇದೆ ಎಂದು ಎದುರಿನವರಿಗೆ ತಿಳಿಯುತ್ತದೆ, ದಾರಿ ನಿಮಗೆ ಕಾಣುವುದಿಲ್ಲ. 12 ವೋಲ್ಟ್, ಸಿಡಿಐ (ಎಲೆಕ್ಟ್ರಾನಿಕ್) ಇಗ್ನಿಷನ್ ಇರುವ ಗಾಡಿ ಸಿಕ್ಕರೆ ಅಥವಾ ಹಾಗೆ ಬದಲಾಯಿಸಿದ್ದರೆ ಪರವಾಗಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಹಿಂದೆ ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರು ಕತ್ತಲಲ್ಲಿ ನಿಂತಿರುತ್ತವೆ. 6 ವೋಲ್ಟ್ ಗಾಡಿಯವರು ಕತ್ತಲಾಗುವ ಮುಂಚೆ ಮನೆ ಸೇರಬೇಕು.

ಬೆಟ್ಟ ಇಳಿಯುವಾಗ

ಎರಡಕ್ಕೂ ಇರುವ ನಿಜವಾದ ಅಂತರ ತಿಳಿಯಬೇಕಾದರೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬನ್ನಿ. ಹತ್ತುವಾಗ ಅಷ್ಟೇನೂ ಗೊತ್ತಾಗುವುದಿಲ್ಲ. ಟೂ-ಸ್ಟ್ರೋಕ್ ಕೆಳಗಿನ ಗೇರಿನಲ್ಲಿ ಸಲೀಸಾಗಿ ಎಳೆಯುತ್ತದೆ, ಹಿಂದೆ ಹೆಂಡತಿ ಕೂತಿದ್ದರೂ. ಇಳಿಯುವಾಗ ಬಣ್ಣ ಬಯಲಾಗುತ್ತದೆ.

ಮೊದಲನೆಯದು, ಟೂ-ಸ್ಟ್ರೋಕ್ ಎಂಜಿನ್ನಿಗೆ ಎಂಜಿನ್ ಬ್ರೇಕಿಂಗ್ ತೀರಾ ಕಡಿಮೆ. ಥ್ರಾಟಲ್ ಬಿಟ್ಟರೂ ಗಾಡಿ ಉರುಳುತ್ತಲೇ ಇರುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ, ಬ್ರೇಕು ನೋಡಿದರೆ ಹಿಂದೆ-ಮುಂದೆ ಎರಡೂ ಡ್ರಮ್ಮು. ತಿರುವಿನಿಂದ ತಿರುವಿಗೆ ಹಿಡಿಯುತ್ತಾ ಬಂದರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯದನ್ನು ಹೊಸಬರು ಯಾರೂ ಯೋಚಿಸಿರುವುದಿಲ್ಲ. ಈ ಎಂಜಿನ್ನಿಗೆ ಪಿಸ್ಟನ್ ಮತ್ತು ಕ್ರ್ಯಾಂಕಿಗೆ ಬೇಕಾದ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೆ. ಥ್ರಾಟಲ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ವೇಗವಾಗಿ ಇಳಿದರೆ ಎಂಜಿನ್ನು ತಿರುಗುತ್ತಿರುತ್ತದೆ, ಪೆಟ್ರೋಲು ಹೋಗುವುದು ತೀರಾ ಕಡಿಮೆ, ಆಯಿಲೂ ಅಷ್ಟೇ. ಹಾಗೆ ಬಹಳ ದೂರ ಇಳಿದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಮಾಡಿಕೊಂಡವರ ಕಥೆ ಪ್ರತಿ ಹಳೆ ಮೆಕ್ಯಾನಿಕ್ಕಿನ ಬಳಿಯೂ ಇದೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಟ್ಟು ಇಳಿಯುವುದು ಹಳಬರ ರೂಢಿ.

ಹೊಸದಕ್ಕೆ ಈ ತಲೆನೋವು ಒಂದೂ ಇಲ್ಲ. ಡಿಸ್ಕ್ ಬ್ರೇಕು, ಜೊತೆಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕಿಗೂ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ನಮ್ಮ ಕಡೆ ಅದು ಆಡಂಬರವಲ್ಲ. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಪದ್ಧತಿ ಇನ್ನೂ ನಿಂತಿಲ್ಲ. ಹುರುಳಿ ಸೊಪ್ಪಿನ ಮೇಲೆ ಡ್ರಮ್ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಒಂದು ಕಡೆ, ನೀವೊಂದು ಕಡೆ. ಎಬಿಎಸ್ ಇದ್ದರೂ ಅಲ್ಲಿ ನಿಧಾನವೇ ಸರಿ, ಆದರೆ ತಪ್ಪಿಸಿಕೊಳ್ಳಲು ಒಂದು ಅವಕಾಶವಾದರೂ ಸಿಗುತ್ತದೆ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಮಾದಪ್ಪನ ಬೆಟ್ಟದ ಕಡೆ ಹೋಗುವ ಆಸೆ ಇದ್ದರೆ ನಾನಂತೂ ಹೊಸದನ್ನೇ ಹೇಳುತ್ತೇನೆ. ಹಳೆ ಗಾಡಿಯ ಮೇಲೆ ಎಷ್ಟೇ ಪ್ರೀತಿ ಇರಲಿ, ಬ್ರೇಕಿನ ವಿಷಯದಲ್ಲಿ ರಿಯಾಯಿತಿ ಕೊಡಲಾರೆ.

ಪೆಟ್ರೋಲಿಗೂ ಕಬ್ಬಿಗೂ ಇರುವ ಸಂಬಂಧ

ಮೈಲೇಜಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡೂ ಲೀಟರಿಗೆ 30ರ ಆಚೀಚೆ. ಹಳೆಯದಕ್ಕೆ 2ಟಿ (ಟೂ-ಸ್ಟ್ರೋಕ್) ಆಯಿಲಿನ ಖರ್ಚು ಸೇರುತ್ತದೆ, ಲೀಟರ್ ಪೆಟ್ರೋಲಿಗೆ 30ರಿಂದ 40 ಮಿಲಿ. ಬಂಕಿನಲ್ಲಿ ಪ್ರತಿ ಸಲ ಆಯಿಲ್ ಅಳೆದು ಸುರಿಯುವುದು ಕೆಲವರಿಗೆ ಖುಷಿ, ಕೆಲವರಿಗೆ ಕಿರಿಕಿರಿ. ನೀವು ಯಾವ ಗುಂಪು ಎಂಬುದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ.

ದೊಡ್ಡ ಸಮಸ್ಯೆ ಪೆಟ್ರೋಲಿನ ಒಳಗೇ ಇದೆ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿಗೆ ಕಬ್ಬೂ ಒಂದು ಮೂಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೈತನ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿತು ಎಂದು ಸಂತೋಷ ಪಡುವ ಕೈಯೇ ಹಳೆ ಯೆಜ್ಡಿಯ ಟ್ಯಾಂಕ್ ತುಕ್ಕು ಕೆರೆಯಬೇಕಾಗಿ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ನೀರು ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಹಳೆ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರು, ಕಾರ್ಬೊರೇಟರಿನ ಗ್ಯಾಸ್ಕೆಟ್ಟು ಎಥನಾಲಿಗಾಗಿ ಮಾಡಿದವಲ್ಲ, ಉಬ್ಬುತ್ತವೆ, ಒಡೆಯುತ್ತವೆ.

ಇದಕ್ಕೆ ದಾರಿ ಇದೆ, ದುಬಾರಿಯೂ ಅಲ್ಲ. ಪೈಪು ಮತ್ತು ವಾಷರುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿಕೊಳ್ಳಿ. ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬೊರೇಟರಿನಲ್ಲಿ ಉಳಿದದ್ದು ಖಾಲಿಯಾಗುವ ತನಕ ಎಂಜಿನ್ ಓಡಿಸಿ. ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕನ್ನೂ ಖಾಲಿ ಮಾಡಿ. ಎಥನಾಲಿನಿಂದ ಮಿಶ್ರಣ ಸ್ವಲ್ಪ ಲೀನ್ (ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ) ಆಗುವುದರಿಂದ ಎಂಜಿನ್ ಬಿಸಿ ಹೆಚ್ಚುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲು ಬಿಡುವ ಮೈನ್ ಜೆಟ್ ಒಂದು ಅಳತೆ ದೊಡ್ಡದು ಹಾಕಬೇಕೇ ಎಂದು ಪ್ಲಗ್ಗಿನ ಬಣ್ಣ ನೋಡಿ ಮೆಕ್ಯಾನಿಕ್ ಹೇಳುತ್ತಾರೆ. ಬಿಳಿಚಿಕೊಂಡಿದ್ದರೆ ಲೀನ್, ಕಾಫಿ ಬಣ್ಣ ಇದ್ದರೆ ಸರಿ. ಹೊಸ ಗಾಡಿಯವರು ಈ ಎರಡು ಪ್ಯಾರಾ ಓದದಿದ್ದರೂ ನಡೆಯುತ್ತದೆ.

ಆರ್‌ಸಿ ಇಲ್ಲದ ಗಾಡಿ ಬರೀ ಕಬ್ಬಿಣ

ಮಂಡ್ಯದ ಹಳ್ಳಿಗಳಲ್ಲಿ ಟಾರ್ಪಾಲಿನ ಕೆಳಗೆ ನಿಂತ ಯೆಜ್ಡಿಗಳು ಇನ್ನೂ ಸಿಗುತ್ತವೆ. ಕೇಳಲು ಹೋದರೆ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: “ನಮ್ಮಪ್ಪಂದು ಕಣಣ್ಣ, ಕೊಡಕಿಲ್ಲ.” ಮೂರನೇ ಸಲ ಕಾಫಿ ಕುಡಿದ ಮೇಲೆ “ಎಷ್ಟ್ ಕೊಟ್ಟೀಯೆ?” ಎಂದು ಬರುತ್ತದೆ. ಆಗ ನೀವು ಬೆಲೆ ಹೇಳಬೇಡಿ, ಆರ್‌ಸಿ ಕೇಳಿ. ಅಪ್ಪನ ಹೆಸರಿನಲ್ಲಿದೆ, ಅಪ್ಪ ತೀರಿಕೊಂಡಿದ್ದಾರೆ, ಆರ್‌ಸಿ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ, ಇನ್ಶೂರೆನ್ಸು ಯಾವ ಕಾಲದ್ದೋ. ಹೀಗಿರುವುದು ಮಾಮೂಲಿ. ಮೊದಲು ಅದು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರಂ 31. ಆಮೇಲೆ ನಿಮ್ಮ ಹೆಸರಿಗೆ, ಫಾರಂ 29 ಮತ್ತು 30. ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ). 15 ವರ್ಷ ದಾಟಿದ ಮೇಲಿನ ನವೀಕರಣಕ್ಕೆ ಫಾರಂ 25, ಅದೂ ಐದೈದು ವರ್ಷಕ್ಕೊಮ್ಮೆ, ಜೊತೆಗೆ ಹಸಿರು ತೆರಿಗೆ.

ಶುಲ್ಕ ಈಚೆಗೆ ಏರಿದೆ. 15 ವರ್ಷ ದಾಟಿದ ಬೈಕಿನ ನವೀಕರಣ 2022ರಲ್ಲಿ 300ರಿಂದ 1,000 ರೂಪಾಯಿಗೆ ಹೋಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯಿತು. ನವೀಕರಣ ತಪ್ಪಿಸಿಕೊಂಡಿದ್ದರೆ ತಡವಾದ ತಿಂಗಳಿಗೆ 300ರಂತೆ ದಂಡ ಬೇರೆ. ಕೊಟ್ಟಿಗೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಗಾಡಿ ಆರ್‌ಟಿಒ ಮೆಟ್ಟಿಲು ಇಳಿಯುವ ಹೊತ್ತಿಗೆ ಅಷ್ಟೇನೂ ಅಗ್ಗ ಅನ್ನಿಸುವುದಿಲ್ಲ. ಚಾಸಿಸ್ ನಂಬರು, ಎಂಜಿನ್ ನಂಬರು ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಗ್ರೈಂಡ್ ಮಾಡಿ ಮತ್ತೆ ಪಂಚ್ ಮಾಡಿದ ಗುರುತು ಕಂಡರೆ ಮಾತು ಮುಂದುವರಿಸಬೇಡಿ, ಮಾಲೀಕರು ಎಷ್ಟೇ ಒಳ್ಳೆಯವರಾಗಿರಲಿ.

ವಿಂಟೇಜ್ ನೋಂದಣಿ ಮಾಡಿಸಿದರೆ ಎಲ್ಲ ಸುಲಭ ಎಂದು ಕೆಲವರು ಹೇಳುತ್ತಾರೆ. 2021ರ ಜುಲೈನ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಅದು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಮರುನೋಂದಣಿಗೆ 5,000. ಮೈಸೂರು ರಾಜ್ಯದ ಕಾಲದ ಹಳೆ ‘ಎಂವೈ’ ನಂಬರ್ ಇರುವ ಗಾಡಿ ಅದೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ಷರತ್ತು ಗಮನಿಸಿ: ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಬೆಳಿಗ್ಗೆ ಮದ್ದೂರಿಗೆ ಹೋಗಿ ವಡೆ ತಿಂದು ಬರುವುದು ಆ ಪಟ್ಟಿಯಲ್ಲಿಲ್ಲ. ಅಲ್ಲದೆ 50 ವರ್ಷದ ಲೆಕ್ಕಕ್ಕೆ ಬರುವುದು ಜಾವಾ ಹೆಸರಿನ ಗಾಡಿಗಳು ಮತ್ತು ಯೆಜ್ಡಿಯ ಮೊದಲ ಕೆಲವು ವರ್ಷದವು. ಅತಿ ಹಳೆಯ ರೋಡ್‌ಕಿಂಗ್‌ಗೂ 2028ಕ್ಕೇ 50 ತುಂಬುವುದು. ಓಡಿಸಲೆಂದೇ ಕೊಳ್ಳುವವರು ಮಾಮೂಲಿ ಆರ್‌ಸಿ ನವೀಕರಣದ ದಾರಿಯಲ್ಲೇ ಹೋಗಿ.

ನೋಡಲು ಹೋದಾಗ ಏನು ನೋಡಬೇಕು

ಪೇಂಟು, ಕ್ರೋಮು ಕೊನೆಗೆ. ಎಂಜಿನ್ ತಣ್ಣಗಿರುವಾಗಲೇ ತಲುಪುವಂತೆ ಹೋಗಿ, ಮಾಲೀಕರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಕಿಕ್ಕರನ್ನು ನಿಧಾನಕ್ಕೆ ಒತ್ತಿದಾಗ ಕಾಲಿಗೆ ಗಟ್ಟಿಯಾಗಿ ಎದುರು ಒತ್ತಡ ಸಿಗಬೇಕು. ಸಿಗದಿದ್ದರೆ ಬೋರು (ಸಿಲಿಂಡರಿನ ಒಳಗೋಡೆ) ಸವೆದಿರಬಹುದು. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಆದರೆ ಈಗಾಗಲೇ ಎಷ್ಟು ಸಲ ಬೋರ್ ಆಗಿದೆ ಎಂದು ಕೇಳಿ, ಕೊನೆಯ ಅಳತೆಗೆ ಬಂದಿದ್ದರೆ ಹೊಸ ಸ್ಲೀವ್ ಕೂರಿಸಬೇಕಾಗುತ್ತದೆ.

ಹೊಗೆ ನೋಡಿ. ಟೂ-ಸ್ಟ್ರೋಕ್ ಹೊಗೆ ಬಿಡುತ್ತದೆ, ಅದು ತಪ್ಪಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಜೊತೆಗೆ ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ, ಗೇರ್ ಆಯಿಲೇ ಒಳಗೆ ಸುಡುತ್ತಿದೆ ಎಂದರ್ಥ. ಐಡಲ್ ಒಂದೇ ಸಮ ನಿಲ್ಲದೆ ತಾನಾಗಿ ಏರುತ್ತಿದ್ದರೆ ಇನ್ನೊಂದು ಕಡೆಯ ಸೀಲಿನಿಂದ ಗಾಳಿ ಎಳೆಯುತ್ತಿರಬಹುದು. ಸೀಲಿನ ಬೆಲೆ ಕಡಿಮೆ, ಅದನ್ನು ಬದಲಿಸಲು ಎಂಜಿನ್ ಬಿಚ್ಚುವ ಕೂಲಿ ಹೆಚ್ಚು. ಕ್ರ್ಯಾಂಕಿನ ಬೇರಿಂಗು ಗೊರಗೊರ ಎನ್ನುತ್ತಿದ್ದರೆ ಎಲ್ಲ ಒಟ್ಟಿಗೇ ಮಾಡಿಸಬೇಕು, ಬೆಲೆಯಲ್ಲಿ ಅದನ್ನು ಕಡಿತ ಮಾಡಿ.

ಮಾದರಿಯ ವಿಷಯದಲ್ಲಿ ಒಂದು ಮಾತು. ಮೊದಲ ಸಲ ಕೊಳ್ಳುವವರಿಗೆ ಯೆಜ್ಡಿ ಕ್ಲಾಸಿಕ್ ಅಥವಾ ರೋಡ್‌ಕಿಂಗ್ ಸಾಕು, ಬಿಡಿಭಾಗ ಸಿಗುವುದೂ ಅವಕ್ಕೇ. 1980ರ ದಶಕದಲ್ಲಿ ಕೆಲವೇ ವರ್ಷ ಬಂದ ಯೆಜ್ಡಿ 350 ಟ್ವಿನ್ ಕಂಡರೆ ಎದೆ ಬಡಿತ ಹೆಚ್ಚುವುದು ಸಹಜ, ಆದರೆ ಎರಡು ಸಿಲಿಂಡರಿನ ಆ ಎಂಜಿನ್ನಿನ ಭಾಗ ಹುಡುಕುವುದರಲ್ಲೇ ಹಬ್ಬಗಳು ಕಳೆದುಹೋಗುತ್ತವೆ. 50 ಸಿಸಿಯ ಪುಟಾಣಿ ಜಾವಾಗಳು ಮನೆಯ ಹಾಲಿನಲ್ಲಿ ನಿಲ್ಲಿಸಲು ಚೆಂದ.

ಮೆಕ್ಯಾನಿಕ್ ಎಂಬ ಅರ್ಧ ಆಸ್ತಿ

ಮುಂಬೈಯವರಿಗೋ ದೆಹಲಿಯವರಿಗೋ ಹಳೆ ಯೆಜ್ಡಿ ಎಂದರೆ ಬಿಡಿಭಾಗ ಪಾರ್ಸೆಲ್ ತರಿಸಿ, ವಿಡಿಯೋ ನೋಡಿ, ಗೊತ್ತಿಲ್ಲದ ಕೈಗೆ ಕೊಟ್ಟು ಉಗುರು ಕಚ್ಚುವ ಕೆಲಸ. ಮೈಸೂರಿನಲ್ಲಿ ಈ ಎಂಜಿನ್ನನ್ನು ಕಾರ್ಖಾನೆಯ ಒಳಗೇ ಜೋಡಿಸಿದವರು, ಅವರ ಕೈಕೆಳಗೆ ಕಲಿತವರು ಇನ್ನೂ ಇದ್ದಾರೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ಸ್‌ನ ಗ್ಯಾಪ್ ಅಳೆಯಲು ಫೀಲರ್ ಗೇಜ್ ಬೇಡ, ಕಣ್ಣಳತೆ ಸಾಕು. ಟೈಮಿಂಗ್ ತಪ್ಪಿದೆಯೋ ಕಾರ್ಬೊರೇಟರ್ ಕಟ್ಟಿಕೊಂಡಿದೆಯೋ ಎಂದು ಗಾಡಿ ಬೀದಿ ತಿರುಗುವಾಗಲೇ ಹೇಳಬಲ್ಲವರು. ಗೇರ್ ಲಿವರಿನ ಆ ಸೆಮಿ-ಆಟೋಮ್ಯಾಟಿಕ್ ಕ್ಲಚ್ಚನ್ನು ಸರಿಯಾಗಿ ಅಡ್ಜಸ್ಟ್ ಮಾಡುವುದು ಬೇರೆ ಊರುಗಳಲ್ಲಿ ಬಹುತೇಕರಿಗೆ ಬರುವುದಿಲ್ಲ, ಅದನ್ನು ಕೆಲಸ ಮಾಡದಂತೆ ಬಿಟ್ಟುಬಿಡುತ್ತಾರೆ. ಇಲ್ಲಿ ಅದು ಹತ್ತು ನಿಮಿಷದ ಕೆಲಸ.

ಆದರೆ ವಯಸ್ಸಿನ ಲೆಕ್ಕ ಹಾಕಿ. 1996ರಲ್ಲಿ ಕಾರ್ಖಾನೆಯ ಕೆಲಸ ಹೋದಾಗ 30ರ ಹರೆಯದಲ್ಲಿದ್ದವರಿಗೆ ಈಗ 60ರ ಮೇಲೆ. ಎಷ್ಟೋ ಜನ ಕೈ ನಡುಗುತ್ತದೆ, ಕಣ್ಣು ಕಾಣುವುದಿಲ್ಲ ಎಂದು ಶೆಟರ್ ಎಳೆದಿದ್ದಾರೆ. ಮಕ್ಕಳು ಐಟಿಗೆ ಹೋಗಿದ್ದಾರೆ. ಹಾಗಾಗಿ ಮೆಕ್ಯಾನಿಕ್ಕನ್ನು ಆರಿಸುವಾಗ ಅವರ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿದ ಒಬ್ಬ ಹುಡುಗ ಇದ್ದಾನೆಯೇ ಎಂದು ನೋಡಿ. ಇದ್ದರೆ ನಿಮ್ಮ ಗಾಡಿಗೆ ಇನ್ನೂ ಇಪ್ಪತ್ತು ವರ್ಷದ ಆಯಸ್ಸು ಇದೆ. ಗುರು ಒಬ್ಬರೇ ಕೂತಿದ್ದರೆ ಅವರಿಂದ ನೀವೇ ಕಲಿಯಬೇಕು: ಪ್ಲಗ್, ಪಾಯಿಂಟ್ಸ್, ಕಾರ್ಬೊರೇಟರ್ ತೊಳೆಯುವುದು, ಸೈಲೆನ್ಸರಿನ ಕಾರ್ಬನ್ ತೆಗೆಯುವುದು. ಇಷ್ಟು ಬಂದರೆ ಮುಕ್ಕಾಲು ತೊಂದರೆ ಮನೆಯಲ್ಲೇ ತೀರುತ್ತದೆ. ಇದರಲ್ಲಿ ಆಸಕ್ತಿಯೇ ಇಲ್ಲ, ಕೈಗೆ ಗ್ರೀಸ್ ಆದರೆ ಆಗುವುದಿಲ್ಲ ಅನ್ನುವವರು ಹಳೆಯದಕ್ಕೆ ಕೈ ಹಾಕಬೇಡಿ. ದುಡ್ಡು ಕೊಟ್ಟು ಎಲ್ಲವನ್ನೂ ಮಾಡಿಸುತ್ತೇನೆ ಎಂದರೆ ಗಾಡಿ ವರ್ಷದ ಬಹುಪಾಲು ಗ್ಯಾರೇಜಿನಲ್ಲೇ ಇರುತ್ತದೆ.

ಬಿಡಿಭಾಗಕ್ಕೆ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹೊಸದಾಗಿ ಮಾಡಿದ ಡೂಪ್ಲಿಕೇಟ್ ಭಾಗಗಳಲ್ಲಿ ಕೇಬಲ್, ರಬ್ಬರ್, ಮಡ್‌ಗಾರ್ಡ್ ಪರವಾಗಿಲ್ಲ. ಪಿಸ್ಟನ್, ಬೇರಿಂಗು, ಕನೆಕ್ಟಿಂಗ್ ರಾಡ್‌ಗಳನ್ನು ಮಾತ್ರ ಮೆಕ್ಯಾನಿಕ್ ಕೈಗೆ ಕೊಟ್ಟು ಒಪ್ಪಿದ ಮೇಲೆಯೇ ಕೊಳ್ಳಿ.

ಹೊಸದರ ಲೆಕ್ಕ

ಜಾವಾ 350ರ ಎಕ್ಸ್-ಶೋರೂಂ ಬೆಲೆ ಎರಡು ಲಕ್ಷದ ಆಚೀಚೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದದ್ದು ಇದಕ್ಕೂ ಅನ್ವಯ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ, ಲಕ್ಷ ದಾಟಿದ ಬೈಕಿಗೆ ಶೇಕಡ 18 ಮತ್ತು ಸೆಸ್ಸು. ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆನ್-ರೋಡ್ ಬೆಲೆ ಕೇಳದೆ ಬಜೆಟ್ ಹಾಕಬೇಡಿ. ಹಳೆಯದರಲ್ಲಿ ಓಡುವ ಸ್ಥಿತಿಯ ರೋಡ್‌ಕಿಂಗ್‌ಗೆ ಲಕ್ಷದ ಹತ್ತಿರ ಹೇಳುತ್ತಾರೆ, ಚೆನ್ನಾಗಿ ರಿಸ್ಟೋರ್ ಮಾಡಿದ 60ರ ದಶಕದ ಜಾವಾಗೆ ಎರಡು ಲಕ್ಷ ದಾಟಿ ಕೇಳುವವರೂ ಇದ್ದಾರೆ. ಹೊಸದು ಶೋರೂಮಿನಿಂದ ಹೊರಬಂದ ದಿನವೇ ಬೆಲೆ ಕಳೆದುಕೊಳ್ಳುತ್ತದೆ, ಹಳೆಯದು ಕಾಗದ ಸರಿ ಇದ್ದರೆ ಹಾಕಿದ ದುಡ್ಡನ್ನು ಹೆಚ್ಚುಕಮ್ಮಿ ಉಳಿಸಿಕೊಳ್ಳುತ್ತದೆ. ಆದರೆ ಸಾಲ ಸಿಗುವುದು ಹೊಸದಕ್ಕೆ. ಇನ್ಶೂರೆನ್ಸಿನವರೂ ಹಳೆಯದಕ್ಕೆ ಸಾಮಾನ್ಯವಾಗಿ ಥರ್ಡ್ ಪಾರ್ಟಿ ಬಿಟ್ಟು ಬೇರೆ ಮಾಡುವುದಿಲ್ಲ. ಕಳುವಾದರೆ ಹೋದದ್ದೇ.

ಹೊಸದು ಕೊಳ್ಳುವವರು ಮಾಡಬೇಕಾದ ಒಂದೇ ಮುಖ್ಯ ಕೆಲಸ ಸರ್ವಿಸ್ ಸೆಂಟರಿಗೆ ಹೋಗಿ ನಿಲ್ಲುವುದು. ಶೋರೂಮಿಗಲ್ಲ, ಅದರ ಹಿಂದಿನ ವರ್ಕ್‌ಶಾಪಿಗೆ. ಒಂದು ಶನಿವಾರ ಬೆಳಿಗ್ಗೆ ಅಲ್ಲಿ ಗಾಡಿ ಬಿಡಲು ಬಂದವರನ್ನು ಮಾತಾಡಿಸಿ. ಭಾಗಕ್ಕೆ ಎಷ್ಟು ದಿನ ಕಾಯಿಸಿದರು, ಅದೇ ದೂರಿಗೆ ಎಷ್ಟು ಸಲ ಬಂದರು ಎಂದು ಕೇಳಿ. ಇಂಜೆಕ್ಷನ್ನಿನ ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇಲ್ಲದೆ ಬೀದಿ ಮೆಕ್ಯಾನಿಕ್ ಏನೂ ಮಾಡಲಾರ. ಮಂಡ್ಯ ಜಿಲ್ಲೆಯ ಒಳ ಊರುಗಳಲ್ಲಿ ಇರುವವರಿಗೆ ಪ್ರತಿ ಸರ್ವಿಸ್ಸಿಗೂ ಎಷ್ಟು ದೂರ ಹೋಗಬೇಕು ಎಂಬುದೇ ತೀರ್ಮಾನ ಮಾಡಬಹುದು.

ಇವೆರಡರ ನಡುವೆ ಮೂರನೆಯದೊಂದು ಇದೆ, ಅದನ್ನು ಕೇಳುವವರು ಕಡಿಮೆ. 2019ರಿಂದ 2022ರ ನಡುವಿನ ಸೆಕೆಂಡ್ ಹ್ಯಾಂಡ್ ಜಾವಾ ಅಥವಾ ಜಾವಾ 42. ಮೊದಲ ಮಾಲೀಕರು ಆಸೆಯಿಂದ ಬುಕ್ ಮಾಡಿ, ಆರು ತಿಂಗಳು ಓಡಿಸಿ, ಮದುವೆಯಾಗಿ, ಈಗ ಕಾರು ಕೊಂಡಿರುತ್ತಾರೆ. ಕಿಲೋಮೀಟರ್ ಕಡಿಮೆ ಆಗಿರುತ್ತದೆ, ಬೆಲೆಯೂ ಇಳಿದಿರುತ್ತದೆ, ಡಿಸ್ಕ್ ಬ್ರೇಕು ಎಬಿಎಸ್ಸು ಇರುತ್ತದೆ. ಆದರೆ ಇ20ಗೆ ಹೊಂದುವ ಭಾಗಗಳು ಹೊಸ ಗಾಡಿಗಳಿಗೆ ಬಂದದ್ದು 2023ರ ಏಪ್ರಿಲಿನ ನಂತರ, ಆದ್ದರಿಂದ ಪೆಟ್ರೋಲ್ ಪೈಪು ಮತ್ತು ಸೀಲುಗಳ ಸ್ಥಿತಿ ನೋಡಿಸಿ. ಆ ಕಾಲದ ಕೆಲವು ಗಾಡಿಗಳಲ್ಲಿ ಹಿಂದೆಯೂ ಎಬಿಎಸ್ ಇದೆ, ಕೆಲವುಗಳಲ್ಲಿ ಮುಂದೆ ಮಾತ್ರ, ಯಾವುದು ಎಂದು ಕೇಳಿ ತಿಳಿಯಿರಿ. ಸೈಲೆನ್ಸರಿನ ಅಡಿ, ವೆಲ್ಡಿಂಗ್ ಜಾಗ, ಕಡ್ಡಿ ಚಕ್ರದ ಕಡ್ಡಿಗಳಲ್ಲಿ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಿ. ರೇಡಿಯೇಟರಿನ ಕೂಲೆಂಟ್ ಬಣ್ಣ ಕೆಟ್ಟಿರಬಾರದು. ಅಡ್ವಾನ್ಸ್ ಕೊಡುವ ಮುಂಚೆ ಸರ್ಕಾರದ ಎಂಪರಿವಾಹನ್ ಆಪಿನಲ್ಲಿ ನಂಬರ್ ಹಾಕಿ, ಇನ್ಶೂರೆನ್ಸ್ ಚಾಲ್ತಿ ಇದೆಯೇ, ಗಾಡಿ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡಿ. ಇದ್ದರೆ ಸಾಲ ತೀರಿದ ಎನ್‌ಒಸಿ ಕೈಗೆ ಬರುವ ತನಕ ದುಡ್ಡು ಬಿಡಬೇಡಿ.